ಪಕ್ಕದ ಬಾಗಿಲಿಂದ ಬನ್ನಿ: ಚರ್ಚಿನ ಇಂಗ್ಲಿಷ್ ಕ್ಲಾಸು, ಅಮೆರಿಕದ ಹಬ್ಬಗಳು

ಆಗಸ್ಟ್ ಕೊನೆಯಾಯಿತೆಂದರೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು. "ಅಕ್ಕಾ, ಆ ಚರ್ಚಲ್ಲಿ ಇಂಗ್ಲಿಷ್ ಕ್ಲಾಸ್ ಯಾವತ್ತಿಂದ ಶುರು?" "ಆಂಟಿ, ನಮ್ಮತ್ತೆ ಬಂದಿದಾರೆ, ಇಡೀ ದಿನ ಮನೇಲಿ ಕೂತು ಬೇಜಾರಾಗಿದಾರೆ, ಅವರನ್ನೂ ಸೇರಿಸ್ಕೋತಾರಾ?" ಆಮೇಲೆ ದನಿ ತಗ್ಗಿಸಿ, "ಮತಾಂತರ ಗಿತಾಂತರ ಏನೂ ಇಲ್ಲ ತಾನೇ?" ಬಿಡಿಬಿಡಿಯಾಗಿ ಹೇಳಿ ಹೇಳಿ ಸಾಕಾಗಿ, ಈ ಸಲ ಬರೆದೇ ಇಡುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಮೇಡಂ ಆಗಿದ್ದವಳು. ಈಗ ಒಹಾಯೊ ರಾಜ್ಯದ ಕೊಲಂಬಸ್ ಪಕ್ಕದ ಬಡಾವಣೆಯಲ್ಲಿ ವಾಸ. ಮನೆ ಹತ್ತಿರದ ಮೆಥಡಿಸ್ಟ್ ಚರ್ಚಿನ ಕ್ಲಾಸಿಗೆ ಮೊದಲು ಕಲಿಯಲು ಹೋದೆ, ಈಗ ಅಲ್ಲೇ ಒಂದು ಟೇಬಲ್ಲಿಗೆ ಸಹಾಯಕಿ. ಇಲ್ಲಿ ಹೇಳುವುದೆಲ್ಲ ಕೊಲಂಬಸ್ ಲೆಕ್ಕ. ಡಲ್ಲಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವವರು ಒಂದಿಷ್ಟು ಹೆಚ್ಚುಕಡಿಮೆ ಮಾಡಿಕೊಳ್ಳಿ.

ಸೇರುವುದು

ಈ ಕ್ಲಾಸುಗಳು ಶಾಲೆಯ ವರ್ಷದ ಜೊತೆಗೇ ನಡೆಯುತ್ತವೆ. ಸೆಪ್ಟೆಂಬರಿನಲ್ಲಿ ಶುರು, ಥ್ಯಾಂಕ್ಸ್‌ಗಿವಿಂಗ್ ವಾರ ರಜೆ, ಕ್ರಿಸ್‌ಮಸ್‌ಗೆ ಒಂದು ದೊಡ್ಡ ಬಿಡುವು, ಮೇ ತಿಂಗಳಿಗೆ ಮುಗಿತು. ಹಿಮ ಬಿದ್ದು ಊರಿನ ಶಾಲೆಗಳಿಗೆ ರಜೆ ಕೊಟ್ಟರೆ ಕ್ಲಾಸಿಗೂ ರಜೆ, ಬೇರೆ ಫೋನ್ ಬರುವುದಿಲ್ಲ. ಯಾವ ಚರ್ಚಿನಲ್ಲಿ ಯಾವ ವಾರ ಅಂತ ತಿಳಿಯಲು ಸುಲಭದ ದಾರಿ ಸಾರ್ವಜನಿಕ ಗ್ರಂಥಾಲಯ. ಅಲ್ಲಿನ ಮೇಜಿನ ಹಿಂದೆ ಕೂತವರನ್ನು "ಇಎಸ್‌ಎಲ್ ಕ್ಲಾಸಸ್" (ಬೇರೆ ಮನೆಮಾತಿನವರಿಗೆ ಇಂಗ್ಲಿಷ್ ಕ್ಲಾಸು) ಎಂದು ಕೇಳಿದರೆ ಸಾಕು, ಸುತ್ತಮುತ್ತಲಿನ ವಿವರ ಹುಡುಕಿ ಕೊಡುತ್ತಾರೆ. ಚರ್ಚಿನ ಮುಂದಿನ ಹುಲ್ಲಿನ ಮೇಲೂ ಬೋರ್ಡು ನೆಟ್ಟಿರುತ್ತಾರೆ.

ಹೋದವರು ಮೊದಲು ಎಡವುವುದು ಬಾಗಿಲಲ್ಲಿ. ಎದುರಿಗೆ ಕಾಣುವ ದೊಡ್ಡ ಬಾಗಿಲು ಭಾನುವಾರದ್ದು, ಉಳಿದ ದಿನ ಬೀಗ. ಎಳೆದು ನೋಡಿ, "ಇವತ್ತಿಲ್ಲ ಅನ್ಸುತ್ತೆ" ಎಂದು ವಾಪಸ್ ಹೋದವರು ಎಷ್ಟೋ ಮಂದಿ. ಕಟ್ಟಡ ಸುತ್ತು ಹಾಕಿ. ಕಾರು ನಿಲ್ಲಿಸುವ ಜಾಗದ ಕಡೆ ಒಂದು ಸಾಮಾನ್ಯ ಗಾಜಿನ ಬಾಗಿಲಿರುತ್ತದೆ, ಪಕ್ಕದಲ್ಲಿ ಒಂದು ಗುಂಡಿ. ಒತ್ತಿದರೆ ಒಳಗಿನವರು ತೆಗೆಯುತ್ತಾರೆ. ಕ್ಲಾಸು ಬಹುಮಟ್ಟಿಗೆ ಕೆಳಗಿನ ಹಾಲಿನಲ್ಲಿ, ಊಟದ ಮೇಜುಗಳ ಮೇಲೆ. ಅಲ್ಲಿ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಶಾಲು ಇಟ್ಟುಕೊಂಡಿರಿ.

ಹೆಸರು, ಫೋನು, ದೇಶ, ಮನೆಮಾತು ಬರೆಯಲು ಒಂದು ಫಾರಂ ಕೊಡುತ್ತಾರೆ. ನಾನು ನೋಡಿದ ಯಾವ ಚರ್ಚಿನಲ್ಲೂ ವೀಸಾ, ಪಾಸ್‌ಪೋರ್ಟು ಕೇಳಿದ್ದಿಲ್ಲ. ಫೀಸು ಇಲ್ಲ, ಪುಸ್ತಕಕ್ಕೆ ಮಾತ್ರ ಸ್ವಲ್ಪ ದುಡ್ಡು. ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ. ಪುಟ್ಟ ಮಗು ಇರುವವರು ಇದನ್ನೇ ಮೊದಲು ವಿಚಾರಿಸಿ. ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆಂದು ಬಂದ ಅಪ್ಪ-ಅಮ್ಮಂದಿರೂ ಬರುತ್ತಾರೆ. ಇದು ಪದವಿ, ಅಂಕಪಟ್ಟಿ ಕೊಡುವ ಓದಲ್ಲ, ಬರುವಷ್ಟು ದಿನ ಬಂದರಾಯಿತು.

ಫಾರಂ ಆದಮೇಲೆ ಒಬ್ಬರು ಎದುರು ಕೂರಿಸಿಕೊಂಡು, ನಿಮ್ಮ ಮನೆಯವರ ಬಗ್ಗೆ ಹೇಳಿ, ನಿನ್ನೆ ಏನು ಅಡುಗೆ ಮಾಡಿದಿರಿ ಅಂತೆಲ್ಲ ಮಾತಾಡಿಸುತ್ತಾರೆ. ಯಾವ ಟೇಬಲ್ಲಿಗೆ ಹಾಕಬೇಕೆಂದು ನೋಡುವುದು ಹೀಗೆ. ಬಿ.ಎಸ್ಸಿ. ಓದಿದ ನಮ್ಮ ಹುಡುಗಿಯರು ಇಲ್ಲಿ ತಲೆ ತಗ್ಗಿಸಿ "ಐ ಡೋಂಟ್ ನೋ ಇಂಗ್ಲಿಷ್" ಅಂದುಬಿಡುತ್ತಾರೆ. ಅವರನ್ನು ಎಬಿಸಿಡಿ ಟೇಬಲ್ಲಿಗೆ ಕಳಿಸುತ್ತಾರೆ. ಎರಡು ವಾರ ಹಣ್ಣಿನ ಹೆಸರು ಓದಿ ಬೇಸರ ಬಂದು ಬಿಟ್ಟೇಬಿಡುತ್ತಾರೆ. ಈ ಸಂಕೋಚದಿಂದ ಹಾಳಾದಷ್ಟು ಜನ ಬೇರೆ ಯಾವುದರಿಂದಲೂ ಹಾಳಾಗಿಲ್ಲ. ಓದಲು, ಬರೆಯಲು ಬರುತ್ತದೆ, ಮಾತು ಮಾತ್ರ ತಡವರಿಸುತ್ತದೆ ಅಂತ ನೇರವಾಗಿ ಹೇಳಿ. ತಪ್ಪು ಟೇಬಲ್ಲಿಗೆ ಬಿದ್ದರೆ "ಕ್ಯಾನ್ ಐ ಟ್ರೈ ದ ನೆಕ್ಸ್ಟ್ ಲೆವೆಲ್?" ಅನ್ನಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ದನಿ ತಗ್ಗಿಸಿ ಕೇಳುವ ಪ್ರಶ್ನೆ

ಚರ್ಚು ಚರ್ಚೇ. ಕಲಿಸಲು ಬರುವವರು ನಿವೃತ್ತರಾದ ಟೀಚರು, ನರ್ಸು, ಬ್ಯಾಂಕಿನಲ್ಲಿದ್ದವರು. ಅವರಿಗೆ ಇದು ನಂಬಿಕೆಯ ಭಾಗವಾದ ಸೇವೆ, ಅದನ್ನು ಅವರು ಮುಚ್ಚಿಡುವುದಿಲ್ಲ. ಕೆಲವು ಚರ್ಚುಗಳಲ್ಲಿ ಬರೀ ಇಂಗ್ಲಿಷ್. ಕೆಲವು ಕಡೆ ಶುರುವಿಗೆ ಒಂದು ಸಣ್ಣ ಪ್ರಾರ್ಥನೆ. ಇನ್ನು ಕೆಲವು ಕಡೆ ಕ್ಲಾಸು ಮುಗಿದ ಮೇಲೆ ಬೈಬಲ್ ಓದು, ಕೂರುವವರು ಕೂರಬಹುದು. ಯಾವ ಥರದ್ದು ಎಂಬುದನ್ನು ಮೊದಲ ದಿನವೇ ಕೇಳಿ. ಕೇಳಿದರೆ ತಪ್ಪು ತಿಳಿಯುತ್ತಾರೆಂಬ ಭಯ ಬೇಡ, ನಿಮಗಿಂತ ಮೊದಲು ಬಂದವರೆಲ್ಲ ಕೇಳಿದ್ದೇ ಅದು. ಬೇಡವಾದರೆ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: "ಥ್ಯಾಂಕ್ಯೂ, ಬಟ್ ವಿ ಹ್ಯಾವ್ ಅವರ್ ಓನ್ ಫೇತ್. ಐ ರಿಯಲಿ ಎಂಜಾಯ್ ದಿ ಇಂಗ್ಲಿಷ್ ಕ್ಲಾಸ್." ನಗುತ್ತಾ, ಒಂದೇ ಸಲ. ಆಮೇಲೂ ಯಾರಾದರೂ ಒತ್ತಾಯ ಮಾಡಿದರೆ ಕ್ಲಾಸು ನೋಡಿಕೊಳ್ಳುವವರಿಗೆ ತಿಳಿಸಿ, ಅದಕ್ಕೂ ಬಗ್ಗದಿದ್ದರೆ ಬೇರೆ ಕ್ಲಾಸು ನೋಡಿ. ಗ್ರಂಥಾಲಯಗಳಲ್ಲಿ ಮಾತುಕತೆಯ ಗುಂಪುಗಳಿವೆ. ಒಹಾಯೊ ಸರ್ಕಾರದ ವಯಸ್ಕರ ಶಿಕ್ಷಣ ಯೋಜನೆ ಆಸ್ಪೈರ್‌ನಲ್ಲೂ ಇಂಗ್ಲಿಷ್ ಉಚಿತ. ಅಲ್ಲಿ ದೇವರ ಮಾತೇ ಇಲ್ಲ. ಆದರೆ ಮನೆಗೆ ಕರೆದು ಊಟಕ್ಕೆ ಹಾಕುವವರೂ ಅಲ್ಲಿ ಸಿಗುವುದು ಕಷ್ಟ.

ನಮ್ಮ ಕಡೆಯವರಿಗೆ ಮಿಷನ್ ಹೊಸತೇನಲ್ಲ. ಬಾಸೆಲ್ ಮಿಷನ್ನಿನ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಅದೇ ಮಿಷನ್ನಿನ ಕಿಟೆಲ್ 1894ರಲ್ಲಿ ಕೊಟ್ಟ ನಿಘಂಟನ್ನು ಇವತ್ತಿಗೂ ತೆರೆಯುತ್ತೇವೆ. ಬಂದ ಉದ್ದೇಶ ಅವರದು, ಉಳಿದದ್ದು ನಮಗೆ. ಇದು ನನ್ನ ಲೆಕ್ಕ, ನಿಮ್ಮದು ನೀವು ಹಾಕಿಕೊಳ್ಳಿ.

ಕ್ಲಾಸಿನೊಳಗೆ

ಕೊಲಂಬಸ್ಸಿನ ಕ್ಲಾಸು ಎಂದರೆ ಒಂದೇ ಟೇಬಲ್ಲಿಗೆ ನಾಲ್ಕು ಖಂಡ. ಸೊಮಾಲಿಯಾದ ಹೆಣ್ಣುಮಕ್ಕಳು, ಭೂತಾನಿನಿಂದ ಹೊರಬಿದ್ದು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಇದ್ದು ಬಂದ ನೇಪಾಳಿ ಮಾತಿನ ಅಜ್ಜಿಯರು, ಹೋಂಡಾ ಕಾರ್ಖಾನೆಯ ಕೆಲಸಕ್ಕೆ ಬಂದವರ ಜಪಾನಿ ಹೆಂಡತಿಯರು. ಇಬ್ಬರು ಕನ್ನಡಿಗರು ಸಿಕ್ಕರೆ ಅಕ್ಕಪಕ್ಕ ಕೂರಬೇಡಿ. ಕೂತರೆ ಅಲ್ಲಿಗೆ ಇಂಗ್ಲಿಷ್ ಮುಗಿಯಿತು, ಸೊಪ್ಪು ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂಬುದರಿಂದ ಶುರುವಾಗಿ ನಾದಿನಿಯ ತನಕ ಹೋಗುತ್ತದೆ.

ಕಲಿಸುವವರಿಗೆ ಎಪ್ಪತ್ತು ದಾಟಿರುತ್ತದೆ, ಆದರೂ ಹೆಸರು ಹಿಡಿದೇ ಕರೆಯಬೇಕು ಅನ್ನುತ್ತಾರೆ. ನಮಗೆ ನಾಲಗೆ ಹೊರಳುವುದಿಲ್ಲ. "ಟೀಚರ್" ಎಂದರೂ ನಡೆಯುತ್ತದೆ, ಸ್ವಲ್ಪ ದಿನಕ್ಕೆ ಹೆಸರೂ ಬರುತ್ತದೆ. ಬರಲಾಗದ ದಿನ ಒಂದು ಮೆಸೇಜು ಹಾಕಿ. ಅವರು ಬೆಳಗ್ಗೆಯೇ ಬಂದು ಇಷ್ಟು ಜನಕ್ಕೆಂದು ಕಾಫಿ ಇಟ್ಟು, ಹಾಳೆಗಳ ಪ್ರತಿ ಮಾಡಿ ಕಾದಿರುತ್ತಾರೆ. ಹಾಗೆಯೇ "ಬರ್ತೀನಿ, ನೋಡೋಣ" ಎಂಬ ನಮ್ಮ ಉತ್ತರ ಇಲ್ಲಿ ಉತ್ತರವೇ ಅಲ್ಲ. ಬರುವುದಾದರೆ ಬರುತ್ತೇನೆ, ಇಲ್ಲವಾದರೆ ಇಲ್ಲ. ಇಲ್ಲ ಅಂದರೆ ಯಾರೂ ನೊಂದುಕೊಳ್ಳುವುದಿಲ್ಲ, ಬರುತ್ತೇನೆಂದು ಹೇಳಿ ತಪ್ಪಿಸಿದರೆ ನೊಂದುಕೊಳ್ಳುತ್ತಾರೆ.

ನನ್ನ ಪ್ರಕಾರ ಇಡೀ ಕ್ಲಾಸಿನಲ್ಲಿ ಬೆಲೆಬಾಳುವುದು ಫೋನಿನ ಅಭ್ಯಾಸ. ಎದುರಿಗೆ ನಿಂತವರ ತುಟಿ, ಕಣ್ಣು ನೋಡಿ ಅರ್ಧ ಮಾತು ಹೇಗೋ ತಿಳಿಯುತ್ತದೆ, ಫೋನಿನಲ್ಲಿ ಆ ಆಸರೆ ಇಲ್ಲ. ಅದಕ್ಕೆ ನಮ್ಮ ಟೇಬಲ್ಲಿನಲ್ಲಿ ಇಬ್ಬರನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸುತ್ತೇವೆ. ಒಬ್ಬರು ಔಷಧಿ ಅಂಗಡಿ, ಇನ್ನೊಬ್ಬರು ಗಿರಾಕಿ. ಹಾವೇರಿ ಕಡೆಯ ಒಬ್ಬ ಅತ್ತೆಯವರು ಬಿಪಿ ಮಾತ್ರೆಗೆ 'ಫೋನ್' ಮಾಡಿದರು. ಹೆಸರಿನ ಅಕ್ಷರ ಕೇಳಿದಾಗ "ವಿ" ಅಂದರೆ ಆ ಕಡೆಗೆ "ಬಿ" ಕೇಳಿಸಿತು. "ವಿ ಆಸ್ ಇನ್ ವಿಕ್ಟರ್, ಬಿ ಆಸ್ ಇನ್ ಬಾಯ್, ಡಿ ಆಸ್ ಇನ್ ಡಾಗ್", ಹೀಗೆ ನಿಮ್ಮ ಹೆಸರಿನ ಒಂದೊಂದು ಅಕ್ಷರಕ್ಕೂ ಒಂದು ಪದ ಮೊದಲೇ ಬರೆದಿಟ್ಟುಕೊಳ್ಳಿ, ಫೋನಿನ ಪಕ್ಕ ಗೋಡೆಗೆ ಅಂಟಿಸಿ. ಆಮೇಲೆ ಹುಟ್ಟಿದ ದಿನ. ನಮ್ಮ ಹಿರಿಯರಲ್ಲಿ ಅರ್ಧ ಜನ ಹೆಡ್‌ಮಾಸ್ತರ ಕೃಪೆಯಿಂದ ಜೂನ್ 1ರಂದೇ ಹುಟ್ಟಿದವರು. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಮ್ಮ ಅಭ್ಯಾಸದಂತೆ "ಒನ್, ಸಿಕ್ಸ್" ಅಂದರೆ ಜನವರಿ 6 ಎಂದು ಬರೆದುಕೊಂಡು, ಅಂಥ ರೋಗಿಯೇ ಇಲ್ಲ ಅನ್ನುತ್ತಾರೆ. ಅಂಕಿ ಬೇಡ, "ಜೂನ್ ಫಸ್ಟ್" ಎಂದೇ ಹೇಳಿ. ಅತ್ತೆಯವರು ಅದನ್ನು ಗಟ್ಟಿಯಾಗಿ ಹೇಳಿ ಹೇಳಿ ಅಭ್ಯಾಸ ಮಾಡಿದರು. ಈಗ ಮಾತ್ರೆಗೆ ಅವರೇ ಫೋನ್ ಮಾಡುತ್ತಾರೆ, ಸೊಸೆಗೂ ಸೇರಿಸಿ.

ಇದೇ ರೀತಿ ಶಾಲೆಗೆ ಮಗು ಬರುವುದಿಲ್ಲವೆಂದು ತಿಳಿಸುವುದು, ಪ್ಲಂಬರ್ ಕರೆಸುವುದು, ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಪಟಪಟ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವುದು. ನಿಮಗೆ ಈ ವಾರ ನಿಜವಾಗಿ ಬೇಕಾದ ಮಾತುಕತೆ ಯಾವುದೋ ಅದನ್ನೇ ಮಾಡಿಸಿ ಎಂದು ಕೇಳಿ. ಪುಸ್ತಕದ ಪಾಠ ಮನೆಯಲ್ಲಿ ಓದಿದರಾಯಿತು.

ಹ್ಯಾಲೊವೀನ್

ಕ್ಲಾಸು ಶುರುವಾಗಿ ತಿಂಗಳಾಗುವಷ್ಟರಲ್ಲಿ ಹಬ್ಬಗಳ ಸರಣಿ ಶುರು. ಹ್ಯಾಲೊವೀನ್ ಅಕ್ಟೋಬರ್ 31. ಆದರೆ ಕೊಲಂಬಸ್ ಸುತ್ತ ಮಕ್ಕಳು ಮನೆಮನೆಗೆ ಮಿಠಾಯಿ ಕೇಳಿಕೊಂಡು ಹೋಗುವ ಸಂಜೆ ಯಾವಾಗಲೂ 31ನೇ ತಾರೀಕೇ ಎಂದಿಲ್ಲ. ಬೆಗ್ಗರ್ಸ್ ನೈಟ್ ಅನ್ನುತ್ತಾರೆ, ಆಯಾ ಊರಿನ ಆಡಳಿತ ದಿನ, ಹೊತ್ತು ಪ್ರಕಟಿಸುತ್ತದೆ. ಸಾಮಾನ್ಯವಾಗಿ ಸಂಜೆ ಆರರಿಂದ ಎಂಟು. ಹೊರಗಿನ ದೀಪ ಹಾಕಿದ್ದರೆ ಬನ್ನಿ ಎಂದರ್ಥ, ಆರಿಸಿದ್ದರೆ ಬಾಗಿಲು ತಟ್ಟುವಂತಿಲ್ಲ. ಕೊಡುವುದು ಕಂಪನಿಯ ಪೊಟ್ಟಣದಲ್ಲಿರುವ ಮಿಠಾಯಿ ಮಾತ್ರ. ಪ್ರೀತಿಯಿಂದ ಮಾಡಿದ ಕೊಬ್ಬರಿ ಮಿಠಾಯಿಯಾದರೂ ತಾಯಂದಿರು ಮನೆಗೆ ಹೋಗಿ ಎಸೆಯುತ್ತಾರೆ. ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿ ಹೊರಗಿಟ್ಟಿದ್ದರೆ, ಅಲರ್ಜಿ ಇರುವ ಮಕ್ಕಳಿಗೆ ಆಟಿಕೆಯಂಥದ್ದೂ ಇದೆ ಎಂದು ತಿಳಿಯಿರಿ.

ಮಗುವಿಗೆ ವೇಷ ಕೊಳ್ಳುವಾಗ ಒಂದು ಅಳತೆ ದೊಡ್ಡದು ತನ್ನಿ, ಒಳಗೆ ದಪ್ಪ ಕೋಟು ಹಿಡಿಸಬೇಕು. ಕಿತ್ತೂರು ಚೆನ್ನಮ್ಮನ ವೇಷ ಹಾಕಿದರೂ ಸೊಗಸು, ಕೋಟಿನ ಮೇಲೆ ಸೀರೆ ಉಡಿಸುವ ಚಾತುರ್ಯ ಇದ್ದರೆ. ಕತ್ತಲೆಯಲ್ಲಿ ಗುರುತಿಲ್ಲದ ಮನೆಗಳಿಗೆ ಹೋಗಲು ಹಿಂಜರಿಕೆ ಇದ್ದರೆ ಚರ್ಚುಗಳ ಪಾರ್ಕಿಂಗಿನಲ್ಲಿ 'ಟ್ರಂಕ್ ಆರ್ ಟ್ರೀಟ್' ಇರುತ್ತದೆ. ಕಾರಿನ ಡಿಕ್ಕಿ ತೆರೆದು ಅಲಂಕಾರ ಮಾಡಿ ಮಿಠಾಯಿ ಹಂಚುತ್ತಾರೆ, ಮೊದಲ ವರ್ಷಕ್ಕೆ ಅದೇ ಒಳ್ಳೆಯದು. ಹ್ಯಾಲೊವೀನ್ ಎಂಬ ಹೆಸರೇ ಬೇಡವೆಂದು ಸುಗ್ಗಿ ಹಬ್ಬ ಎನ್ನುವ ಚರ್ಚುಗಳೂ ಇವೆ.

ಥ್ಯಾಂಕ್ಸ್‌ಗಿವಿಂಗ್: ಇದನ್ನು ತಪ್ಪಿಸಬೇಡಿ

ನವೆಂಬರಿನ ನಾಲ್ಕನೇ ಗುರುವಾರ. ಕತೆ 1621ರಿಂದ ಶುರುವಾಗುತ್ತದೆ. ಪ್ಲಿಮತ್ತಿಗೆ ಬಂದಿಳಿದ ಇಂಗ್ಲೆಂಡಿನವರು ಮೊದಲ ಫಸಲಿನ ನಂತರ ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ಜೊತೆ ಕೂತು ಉಂಡರು ಎಂದು. 1863ರಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ ಇದನ್ನು ಇಡೀ ದೇಶದ ಹಬ್ಬವೆಂದು ಸಾರಿದರು. ನಾಲ್ಕನೇ ಗುರುವಾರ ಎಂದು ಕಾನೂನು ಆದದ್ದು 1941ರಲ್ಲಿ. ನಮ್ಮ ಕ್ಲಾಸಿನ ಹಿರಿಯ ಟೀಚರೊಬ್ಬರು ಇನ್ನೊಂದು ಮಾತನ್ನೂ ತಪ್ಪದೆ ಹೇಳುತ್ತಾರೆ: 1970ರಿಂದ ಮೂಲನಿವಾಸಿಗಳು ಅದೇ ದಿನ ಅದೇ ಪ್ಲಿಮತ್ತಿನಲ್ಲಿ ಶೋಕದಿನ ಆಚರಿಸುತ್ತಾರೆ. ಎರಡೂ ತಿಳಿದಿರಲಿ.

ಹಬ್ಬದ ಹಿಂದಿನ ವಾರ ಕ್ಲಾಸಿನಲ್ಲಿ ಪಾಟ್‌ಲಕ್. ಅವರವರ ಮನೆಯಿಂದ ಒಂದೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವುದು. ನಾನು ಯಾವಾಗಲೂ ಮಂಡಕ್ಕಿ ಒಗ್ಗರಣೆ ಒಯ್ಯುತ್ತೇನೆ, ನಮ್ಮೂರಿನ ಮರ್ಯಾದೆ. ಶೇಂಗಾ ಹಾಕುವುದಿಲ್ಲ. ಇಲ್ಲಿ ಶೇಂಗಾ ಅಲರ್ಜಿ ಎಂದರೆ ತುರಿಕೆಯಲ್ಲ, ಉಸಿರುಗಟ್ಟಿ ಆಸ್ಪತ್ರೆ ಸೇರುವ ಸಂಗತಿ. ಚಿತ್ರಾನ್ನ ಒಯ್ದರೂ ಅಷ್ಟೆ, ಗೋಡಂಬಿಯೂ ಬೇಡ. ಪಾತ್ರೆಯ ಮುಂದೆ ಒಂದು ಚೀಟಿ ಇಡಿ: ಹೆಸರು, ಏನೇನು ಹಾಕಿದ್ದೀರಿ, ಖಾರ ಎಷ್ಟು. ಚೀಟಿ ಇದ್ದರೆ ಜನ ಧೈರ್ಯವಾಗಿ ಬಡಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ನಿಮ್ಮ ಪಾತ್ರೆ ಹಾಗೇ ವಾಪಸ್. ಬಡಿಸುವ ಚಮಚವನ್ನೂ ನೀವೇ ಒಯ್ಯಿರಿ.

ಅದೃಷ್ಟವಿದ್ದರೆ ಯಾರಾದರೂ ಹಬ್ಬದ ದಿನ ಮನೆಗೇ ಕರೆಯುತ್ತಾರೆ. ಒಪ್ಪಿಕೊಳ್ಳಿ. ಸಸ್ಯಾಹಾರಿಗಳಾದರೆ ಒಪ್ಪಿಕೊಂಡ ದಿನವೇ ಹೇಳಬೇಕು. ಬರೀ "ವೆಜಿಟೇರಿಯನ್" ಎಂದರೆ ಸಾಲದು, ಮೀನು ತಿನ್ನಬಹುದು, ಕೋಳಿಯ ಸಾರಿನಲ್ಲಿ ಬೇಯಿಸಿದರೆ ನಡೆಯುತ್ತದೆ ಎಂದು ತಿಳಿಯುವವರಿದ್ದಾರೆ. "ನೋ ಮೀಟ್, ನೋ ಚಿಕನ್, ನೋ ಫಿಶ್, ನೋ ಬ್ರಾತ್. ಮಿಲ್ಕ್ ಇಸ್ ಫೈನ್. ಪ್ಲೀಸ್ ಡೋಂಟ್ ಕುಕ್ ಎನಿಥಿಂಗ್ ಸ್ಪೆಷಲ್, ಐ ವಿಲ್ ಬ್ರಿಂಗ್ ಅ ಡಿಶ್." ಮೊಟ್ಟೆ ತಿನ್ನದಿದ್ದರೆ ಅದನ್ನೂ ಸೇರಿಸಿ.

ಮೇಜಿನ ಮೇಲೆ ಟರ್ಕಿ ಕೋಳಿಯೇ ಯಜಮಾನ, ಅದನ್ನು ದೂರದಿಂದ ಗುರುತಿಸುತ್ತೀರಿ. ಗುರುತು ಸಿಗದವು ಬೇರೆ. ಸ್ಟಫಿಂಗ್ ಎಂಬ ಬ್ರೆಡ್ಡಿನ ಪದಾರ್ಥ ಕೋಳಿಯ ಸಾರಿನಲ್ಲೋ, ಕೋಳಿಯ ಹೊಟ್ಟೆಯೊಳಗೋ ಬೆಂದದ್ದು. ಗ್ರೇವಿ ಎಂದರೆ ಹುರಿದ ಮಾಂಸದ ರಸ. ಗೆಣಸಿನ ಮೇಲೆ ಬೆಳ್ಳಗೆ ಕರಗಿರುವ ಮಾರ್ಷ್‌ಮ್ಯಾಲೊ, ಅಲುಗಾಡುವ ಬಣ್ಣದ ಜೆಲ್ಲಿ, ಇವೆರಡರಲ್ಲೂ ಪ್ರಾಣಿಮೂಲದ ಜೆಲಟಿನ್. ಕುಂಬಳದ ಪೈಯಲ್ಲಿ ಮೊಟ್ಟೆ ಇರುತ್ತದೆ, ತಳದ ಹಿಟ್ಟಿಗೆ ಒಮ್ಮೊಮ್ಮೆ ಹಂದಿಕೊಬ್ಬು. ಹುರುಳಿಕಾಯಿ ಕ್ಯಾಸರೋಲ್ ಸಾಮಾನ್ಯವಾಗಿ ನಿರಪಾಯ. 1955ರಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಹುಟ್ಟಿದ್ದು, ಅಣಬೆ ಸೂಪು, ಹುರುಳಿಕಾಯಿ, ಮೇಲೆ ಕರಿದ ಈರುಳ್ಳಿ. ಆದರೂ ಬೇಕನ್ ಎಂಬ ಹಂದಿಮಾಂಸದ ಚೂರು ಹಾಕಿದ್ದಾರಾ ಕೇಳಿ. ಕ್ರಾನ್‌ಬೆರಿ ಗೊಜ್ಜು ಧೈರ್ಯವಾಗಿ ಹಾಕಿಕೊಳ್ಳಿ. ಗೊಜ್ಜು ಎಂದದ್ದು ನಾನು, ಆದರೆ ಸಿಹಿ-ಹುಳಿಯ ಹದ ನೋಡಿದರೆ ನೀವೂ ಹಾಗೇ ಅನ್ನುತ್ತೀರಿ.

ಊಟ ಮಧ್ಯಾಹ್ನ ಎರಡಕ್ಕೋ ನಾಲ್ಕಕ್ಕೋ ಇರಬಹುದು, ಹೊತ್ತು ಕೇಳಿಟ್ಟುಕೊಳ್ಳಿ. ಹೇಳಿದ ಹೊತ್ತಿಗೆ, ಇಲ್ಲ ಐದು ನಿಮಿಷ ತಡವಾಗಿ ಹೋಗಿ. ಮೊದಲೇ ಹೋಗಿ ಕೈಜೋಡಿಸುತ್ತೇನೆ ಎಂಬ ನಮ್ಮ ಒಳ್ಳೆತನ ಅಲ್ಲಿ ಗಡಿಬಿಡಿ ಮಾಡುತ್ತದೆ. ಹೂವು ಒಯ್ಯಿರಿ. ವೈನ್ ಬೇಡ, ಚರ್ಚಿನವರ ಮನೆಗಳಲ್ಲಿ ಕುಡಿಯದವರು ಬಹಳ. ಊಟಕ್ಕೆ ಮೊದಲು ಕೈಕೈ ಹಿಡಿದು ಪ್ರಾರ್ಥನೆ ಮಾಡುತ್ತಾರೆ, ನೀವು ತಲೆ ಬಗ್ಗಿಸಿ ಸುಮ್ಮನಿದ್ದರೆ ಸಾಕು. ಆಮೇಲೆ ಸುತ್ತಲೂ ಒಬ್ಬೊಬ್ಬರೇ ಈ ವರ್ಷ ಯಾವುದಕ್ಕೆ ಕೃತಜ್ಞರು ಎಂದು ಹೇಳುವ ಪದ್ಧತಿ ಅನೇಕ ಮನೆಗಳಲ್ಲಿದೆ. ಮನೆಯಿಂದ ಹೊರಡುವ ಮೊದಲೇ ಒಂದು ವಾಕ್ಯ ಸಿದ್ಧ ಮಾಡಿಕೊಳ್ಳಿ, ಇಲ್ಲದಿದ್ದರೆ ಎಲ್ಲರ ಕಣ್ಣು ನಿಮ್ಮ ಮೇಲಿದ್ದಾಗ ಇದ್ದ ಇಂಗ್ಲಿಷೂ ಓಡಿಹೋಗುತ್ತದೆ.

ಇನ್ನೊಂದು, ಅಲ್ಲಿ ಉಪಚಾರ ಒಂದೇ ಸಲ. "ಇನ್ನು ಸ್ವಲ್ಪ ಹಾಕಲಾ?" ಅಂದಾಗ ನಮ್ಮ ಕ್ರಮದಂತೆ ಬೇಡ ಬೇಡ ಅಂದರೆ ನಿಜವಾಗಿಯೂ ಬೇಡವೆಂದು ಪಾತ್ರೆ ಮುಂದಕ್ಕೆ ಸಾಗುತ್ತದೆ. ಹೊಟ್ಟೆ ಹಸಿದಿದ್ದರೆ ಮೊದಲ ಸಲವೇ ಹೂಂ ಅನ್ನಿ. ಹೊರಡುವಾಗ ಉಳಿದದ್ದನ್ನು ಡಬ್ಬಿಗೆ ಹಾಕಿ ಕೊಡುತ್ತಾರೆ, ತೆಗೆದುಕೊಳ್ಳಿ. ಆ ವಾರದೊಳಗೆ ಒಂದು ಥ್ಯಾಂಕ್ಯೂ ಕಾರ್ಡು ಕೈಯಲ್ಲಿ ಬರೆದು ಅಂಚೆಗೆ ಹಾಕಿ. ವಾಟ್ಸಾಪಿನ ಕೈಮುಗಿಯುವ ಚಿತ್ರಕ್ಕಿಂತ ಅದು ಸಾವಿರ ಪಾಲು ಮೇಲು. ನಾನು ಬರೆದ ಕಾರ್ಡು ಒಬ್ಬರ ಫ್ರಿಜ್ಜಿನ ಬಾಗಿಲ ಮೇಲೆ ಮುಂದಿನ ಬೇಸಿಗೆವರೆಗೂ ಇತ್ತು.

ಕೊಲಂಬಸ್‌ನವರಿಗೆ ಒಂದು ಬಾಲಂಗೋಚಿ. ಥ್ಯಾಂಕ್ಸ್‌ಗಿವಿಂಗ್ ಆದ ಶನಿವಾರ ಒಹಾಯೊ ಸ್ಟೇಟ್, ಮಿಶಿಗನ್ ವಿಶ್ವವಿದ್ಯಾಲಯಗಳ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಆ ವಾರ ವಿಶ್ವವಿದ್ಯಾಲಯದ ಕಡೆ 'ಎಂ' ಅಕ್ಷರವನ್ನೇ ಕೆಂಪು ಅಡ್ಡಗೆರೆ ಎಳೆದು ಮುಚ್ಚುತ್ತಾರೆ. ಅರಿಶಿನ ಬಣ್ಣ ಮತ್ತು ನೀಲಿ ಮಿಶಿಗನ್ನಿನವು, ನೀಲಿ ಅಂಚಿನ ಹಳದಿ ಸೀರೆ ಆ ವಾರ ಬೀರುವಿನಲ್ಲೇ ಇರಲಿ.

ಕ್ರಿಸ್‌ಮಸ್ಸಿನಿಂದ ಜುಲೈವರೆಗೆ

ಡಿಸೆಂಬರಿನಲ್ಲಿ ಕ್ಲಾಸಿನಲ್ಲೂ ಆಫೀಸಿನಲ್ಲೂ ಉಡುಗೊರೆ ಅದಲುಬದಲು. ಹತ್ತು ಡಾಲರ್ ಮಿತಿ ಎಂದರೆ ಹತ್ತೇ, ಮೂವತ್ತರದ್ದು ಕೊಟ್ಟರೆ ದೊಡ್ಡತನವಲ್ಲ, ಮುಜುಗರ. ವೈಟ್ ಎಲಿಫೆಂಟ್ ಆಟವಾದರೆ ನಿಮ್ಮ ಕೈಯಲ್ಲಿದ್ದುದನ್ನು ಇನ್ನೊಬ್ಬರು ಕಿತ್ತುಕೊಳ್ಳಬಹುದು, ಅದು ನಿಯಮವೇ. ನೀವೂ ಕಿತ್ತುಕೊಳ್ಳಿ. ಉಡುಗೊರೆಯನ್ನು ಕೊಟ್ಟವರ ಎದುರಿಗೇ ಬಿಚ್ಚಿ ಸಂತೋಷಪಡಬೇಕು, ನಮ್ಮ ಹಾಗೆ ಒಳಗಿಟ್ಟು ಬರುವಂತಿಲ್ಲ. ಚರ್ಚಿನವರು ಡಿಸೆಂಬರ್ 24ರ ರಾತ್ರಿಯ ಮೇಣದಬತ್ತಿ ಪ್ರಾರ್ಥನೆಗೆ ಕರೆಯುತ್ತಾರೆ. ಹಾಡು ಕೇಳಲು ಹೋಗಬಹುದು. ಕಾಣಿಕೆ ತಟ್ಟೆ ಬಂದರೆ ಪಕ್ಕದವರಿಗೆ ದಾಟಿಸಿ, ಅತಿಥಿಗಳು ಹಾಕಲೇಬೇಕೆಂದಿಲ್ಲ. ಪ್ರಸಾದದಂತೆ ರೊಟ್ಟಿ, ದ್ರಾಕ್ಷಾರಸ ಕೊಟ್ಟರೆ ಕೂತಲ್ಲೇ ಇರಿ. ಟಪಾಲಿನವರಿಗೆ ಹಬ್ಬದ ಖುಷಿಗೆ ನೋಟು ಕೊಡಬೇಡಿ, ಅವರು ನಗದು ತೆಗೆದುಕೊಳ್ಳುವಂತಿಲ್ಲ. 20 ಡಾಲರ್ ಒಳಗಿನ ಸಣ್ಣ ಉಡುಗೊರೆ ನಡೆಯುತ್ತದೆ.

ಫೆಬ್ರುವರಿ 14 ಬರೀ ಪ್ರೇಮಿಗಳದ್ದಲ್ಲ. ಒಂದನೇ ಕ್ಲಾಸಿನ ಮಗು ಕ್ಲಾಸಿನ ಎಲ್ಲ ಮಕ್ಕಳಿಗೂ ಒಂದೊಂದು ಕಾರ್ಡು ಒಯ್ಯಬೇಕು. ಶಾಲೆ ಹೆಸರಿನ ಪಟ್ಟಿ ಕಳಿಸುತ್ತದೆ. ಊರಿಂದ ಬಂದ ಅಜ್ಜ ಇದನ್ನು ಕಂಡು ಗಾಬರಿಯಾದರೆ ಸಮಾಧಾನ ಹೇಳಿ. ಈಸ್ಟರ್ ನಮ್ಮ ಹಬ್ಬಗಳಂತೆ ಚಂದ್ರನ ಲೆಕ್ಕ: ಮಾರ್ಚ್ 21 ಅಥವಾ ಆಮೇಲಿನ ಮೊದಲ ಹುಣ್ಣಿಮೆ ಕಳೆದ ಭಾನುವಾರ. ಚರ್ಚಿನ ಅಂಗಳದಲ್ಲಿ ಪ್ಲಾಸ್ಟಿಕ್ ಮೊಟ್ಟೆ ಹುಡುಕುವ ಆಟಕ್ಕೆ ಬುಟ್ಟಿ ನೀವೇ ಒಯ್ಯಬೇಕು, ಒಳಗಿರುವುದು ಮಿಠಾಯಿ.

ಮೇ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ, ಯುದ್ಧದಲ್ಲಿ ಮಡಿದವರ ನೆನಪಿಗೆ. "ಹ್ಯಾಪಿ" ಸೇರಿಸಿ ಹೇಳಬೇಡಿ, ಟೀಚರರಲ್ಲೇ ಯಾರೋ ಅಣ್ಣನನ್ನು ವಿಯೆಟ್ನಾಮಿನಲ್ಲಿ ಕಳೆದುಕೊಂಡಿರಬಹುದು. ಬದುಕಿರುವ ಸೈನಿಕರಿಗೆ ಧನ್ಯವಾದ ಹೇಳುವುದು ನವೆಂಬರ್ 11ರಂದು. ಜುಲೈ 4ಕ್ಕೆ ಯಾರ ಪಾಠವೂ ಬೇಡ, ಕುರ್ಚಿ, ನೀರು, ಸೊಳ್ಳೆ ಔಷಧಿ ಒಯ್ದು ಪಟಾಕಿ ನೋಡಿ. ಮುಂದೆ ಪೌರತ್ವಕ್ಕೆ ಹೋಗುವವರು ಈ ಪಟ್ಟಿಯನ್ನು ನೆನಪಿಡಿ, ರಾಷ್ಟ್ರೀಯ ರಜೆಗಳನ್ನು ಹೆಸರಿಸಿ ಎಂಬುದು ಆ ಪರೀಕ್ಷೆಯ ಪ್ರಶ್ನೆಗಳಲ್ಲೊಂದು.

ನಿಮ್ಮ ಸರದಿ

ಕಲಿಸುವವರು ನಮ್ಮ ಹಬ್ಬಗಳನ್ನೂ ಕೇಳುತ್ತಾರೆ. ದೀಪಾವಳಿ ಅವರಿಗೆ ಗೊತ್ತು. ಸಂಕ್ರಾಂತಿ ಹೇಳಿ. ಜನವರಿಯ ಕೊರೆಯುವ ಚಳಿಯಲ್ಲಿ ಎಳ್ಳು ಬೆಲ್ಲ ಕೊಟ್ಟು "ಒಳ್ಳೆ ಮಾತಾಡಿ" ಅನ್ನುವ ಹಬ್ಬಕ್ಕಿಂತ ಭಾಷೆ ಕಲಿಯುವ ಕ್ಲಾಸಿಗೆ ಒಪ್ಪುವುದು ಯಾವುದಿದೆ? ಆದರೆ ಚೀಟಿ ಮರೆಯಬೇಡಿ. ಅದರಲ್ಲಿ ಶೇಂಗಾ ಇದೆ, ಎಳ್ಳೂ ಇದೆ. 2023ರ ಜನವರಿಯಿಂದ ಎಳ್ಳೂ ಇಲ್ಲಿನ ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಗೆ ಸೇರಿದೆ. ನಾನು ಸಣ್ಣ ಪೊಟ್ಟಣ ಕಟ್ಟಿ, ಒಂದೊಂದರ ಮೇಲೂ "ಸೆಸಮಿ, ಪೀನಟ್, ಕೋಕೊನಟ್" ಎಂದು ಬರೆದು, ಕೈಗೆ ಕೊಡುವ ಮೊದಲು ಬಾಯಲ್ಲೂ ಹೇಳುತ್ತೇನೆ. ತಿನ್ನಲಾಗದವರಿಗೆ ಸಕ್ಕರೆ ಅಚ್ಚು ಬೇರೆ ಡಬ್ಬಿಯಲ್ಲಿ.

ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಎಚ್-4 ವೀಸಾದಲ್ಲಿ (ಗಂಡ ಅಥವಾ ಹೆಂಡತಿಯ ಕೆಲಸದ ವೀಸಾದ ಆಸರೆಯಲ್ಲಿ ಸಿಗುವುದು) ಮನೆಯಲ್ಲಿ ಕೂತಿದ್ದೇನೆ ಅನ್ನುವವರು ಸಹಾಯಕರಾಗಿ ಬನ್ನಿ. ಸಂಬಳವಿಲ್ಲದ ನಿಜವಾದ ಸ್ವಯಂಸೇವೆಗೆ ಅಡ್ಡಿಯಿಲ್ಲ. ಸಂಬಳದ ಬದಲಿಗೆ ಎಂದು ಯಾರೇ ಏನು ಕೊಟ್ಟರೂ ಮುಟ್ಟಬೇಡಿ. ಚರ್ಚಿನವರು ನಿಮ್ಮ ಹಿನ್ನೆಲೆ ಪರಿಶೀಲನೆ ಮಾಡಿಸುತ್ತಾರೆ, ಮಕ್ಕಳಿರುವ ಜಾಗದಲ್ಲಿ ಎಲ್ಲರಿಗೂ ಅದೇ ಕ್ರಮ. ಟೇಬಲ್ಲಿನಲ್ಲಿ ಕೂತಾಗ ನೇಪಾಳಿ ಅಜ್ಜಿಗೆ ಹಿಂದಿಯಲ್ಲಿ ಅರ್ಥ ಹೇಳಿಬಿಡೋಣ ಎಂದು ನಾಲಗೆ ತುರಿಸುತ್ತದೆ, ತಡೆದುಕೊಳ್ಳಿ. ಅವರು ಪದ ಹುಡುಕುವಷ್ಟು ಹೊತ್ತು ಬಿಟ್ಟುಕೊಡುವುದೇ ಆ ಕುರ್ಚಿಯ ಕೆಲಸ.

ಮೇ ತಿಂಗಳಿಗೆ ಸರ್ಟಿಫಿಕೇಟು, ಕೇಕು, ಒಂದು ಗುಂಪಿನ ಫೋಟೋ. ಬೇಸಿಗೆಯಲ್ಲಿ ಬಾಯಿಗೆ ತುಕ್ಕು ಹಿಡಿಯದಿರಲು ಗ್ರಂಥಾಲಯದ ಮಾತಿನ ಗುಂಪಿಗೆ ಹೋಗಿ. ಮತ್ತೆ ಹೆಸರು ಬರೆಸಿಕೊಳ್ಳುವುದು ಆಗಸ್ಟ್ ಕೊನೆಗೆ. ಫೋನ್ ಮಾಡುವುದಾದರೆ ಬೆಳಗ್ಗೆ ಹತ್ತರ ಮೇಲೆ ಮಾಡಿ, ಅದಕ್ಕೆ ಮುಂಚೆ ನಾನು ಡಬ್ಬಿ ಕಟ್ಟುತ್ತಿರುತ್ತೇನೆ.